ಐದು ತಿಂಗಳ ಗುಟ್ಟು

ಸೊಸೆ ಬಸುರಿ ಎಂದು ಗೊತ್ತಾದ ಸಂಜೆ ನಾನುಲಿ ಮೊದಲು ಮಾಡಿದ ಕೆಲಸವೆಂದರೆ ಅಡುಗೆಮನೆಯ ಕಿಟಕಿ ಮುಚ್ಚಿದ್ದು. ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಒಬ್ಬ ಪೋಲಿಷ್ ಮುದುಕ ನಾಯಿ ಅಡ್ಡಾಡಿಸುತ್ತಿದ್ದ. ಅವನಿಗೂ ಜಾರ್ಜಿಯನ್ ಬಾರದು, ನಾಯಿಗೂ ಬಾರದು. ಆದರೂ ಮುಚ್ಚಿ, ಚಿಲಕ ಹಾಕಿ, ಬಂದು ಕೂತಳು.

"ಯಾರ್ಯಾರಿಗೆ ಹೇಳಿದ್ದೀಯ?"

"ಯಾರಿಗೂ ಇಲ್ಲ ಅತ್ತೆ. ಬೇಸೋಗೆ. ಈಗ ನಿಮಗೆ," ಎಂದಳು ಇರ್ಮಾ.

"ಅಲ್ಲಿಗೆ ಸಾಕು. ಮೂರು ತಿಂಗಳು ತುಂಬೋವರೆಗೆ ಈ ಮಾತು ಈ ಅಡುಗೆಮನೆ ಬಿಟ್ಟು ಹೊರಗೆ ಹೋಗಬಾರದು."

ಮಗ ಬೇಸೋ ಕೆಂಪು ಕಾಳಿನ ಸಾರಿಗೆ ಮೆಕ್ಕೆಜೋಳದ ರೊಟ್ಟಿ ಮುರಿದು ಅದ್ದುತ್ತಿದ್ದ. ಬೇಕರಿಯಲ್ಲಿ ಹಿಟ್ಟು ನಾದುವವನು. ಅವನ ಹುಬ್ಬಿನಲ್ಲಿ ಸದಾ ಒಂದು ಚೂರು ಬಿಳಿ ಉಳಿದಿರುತ್ತಿತ್ತು. "ಡಾಕ್ಟರಿಗಾದ್ರೂ ಹೇಳಬಹುದೋ, ಅವರೂ ಕಣ್ಣು ಹಾಕ್ತಾರೋ?"

"ಹಾಕದೆ ಏನು? ಅವರಿಗೇನು ಕಣ್ಣಿಲ್ವಾ?"

ಮಗ ನಕ್ಕ. ಸೊಸೆ ನಗಲಿಲ್ಲ. ನಾನುಲಿಯನ್ನು ನೋಡಿ ನಗುವುದು ಸುಲಭ, ಆದರೆ ಆ ಮನೆಯಲ್ಲಿ ಈ ಮಾತಿಗೆ ಹೆಚ್ಚು ಹೊತ್ತು ನಗಲು ಯಾರಿಗೂ ಧೈರ್ಯ ಸಾಲದು. ಊರಲ್ಲಿದ್ದಾಗ ಇರ್ಮಾಳಿಗೆ ಎರಡು ಸಲ ಬಸುರು ನಿಂತು, ಎರಡು ಸಲವೂ ಮೂರನೆಯ ತಿಂಗಳಲ್ಲೇ ಹೋಗಿತ್ತು. ಮೊದಲ ಸಲ ಬೀದಿಗೆಲ್ಲ ಗೊತ್ತಿತ್ತು, ಎದುರು ಮನೆಯವಳು ಬಂದು ಹೊಟ್ಟೆ ಸವರಿ ಹೋಗಿದ್ದಳು. ಎರಡನೆಯ ಸಲವೂ ಹೇಗೋ ಯಾರಿಗೋ ಗೊತ್ತಾಗಿರಬೇಕು ಎಂದು ನಾನುಲಿ ತೀರ್ಮಾನಿಸಿಬಿಟ್ಟಿದ್ದಳು. ಈಗ ಮೂರನೆಯದು. ಇದನ್ನು ಪೋಲೆಂಡಿನ ದೇವರು, ಊರಿನ ದೇವರು ಇಬ್ಬರೂ ಸೇರಿ ಕಾಯಬೇಕು, ಉಳಿದದ್ದನ್ನು ತಾನು ಕಾಯುತ್ತೇನೆ ಎಂಬುದು ಅವಳ ಲೆಕ್ಕ.

ಅವಳಿಗೆ ಐವತ್ತೊಂಬತ್ತು. ಆರು ವರ್ಷದ ಹಿಂದೆ ಜಾರ್ಜಿಯಾದಿಂದ ಪೋಲೆಂಡಿಗೆ ಮೊದಲು ಬಂದವಳು ಅವಳೇ. ನಾಲ್ಕು ವರ್ಷ ಪೋಲಿಷ್ ಮುದುಕಿಯರ ಮನೆಗಳಲ್ಲಿ ಹಗಲೂ ರಾತ್ರಿ ಅಲ್ಲೇ ಇದ್ದು, ಅವರ ಮೈ ತೊಳೆದು, ಗಂಜಿ ಉಣಿಸಿ, ಗುಳಿಗೆ ನುಂಗಿಸಿ, ಇಬ್ಬರನ್ನು ಮಣ್ಣಿಗೂ ಕಳಿಸಿ, ಆ ಹಣದಲ್ಲಿ ಮಗನನ್ನು ಕರೆಸಿಕೊಂಡಳು, ಆಮೇಲೆ ಸೊಸೆಯನ್ನು. ಈ ರಾಡೊಮ್ ಊರಿನಲ್ಲಿ ಎರಡು ಕೋಣೆಯ ಮನೆ ಹಿಡಿದು, ಕೈಗೆ ಸ್ವಂತ ಬೀಗದ ಕೈ ಬಂದ ದಿನ, ಇನ್ನು ಯಾರ ಮನೆಯಲ್ಲೂ ಮಲಗುವುದಿಲ್ಲ ಎಂದು ಆಣೆ ಹಾಕಿದ್ದಳು. ಈಗ ಬೆಳಿಗ್ಗೆ ನಾಲ್ಕಾರು ಕಟ್ಟಡಗಳ ಮೆಟ್ಟಿಲು ಒರೆಸುತ್ತಾಳೆ, ಮಧ್ಯಾಹ್ನ ಮನೆಗೆ ಬಂದು ತನ್ನ ಒಲೆಯ ಮುಂದೆ ನಿಲ್ಲುತ್ತಾಳೆ.

ಬೇಸೋ ಚಿಕ್ಕವನಿದ್ದಾಗ ಅವಳು ಸಂತೆಯಲ್ಲಿ ಕೂತು ವ್ಯಾಪಾರ ಮಾಡುತ್ತಿದ್ದಳು. ಅವನನ್ನು ಬೆಳೆಸಿದ್ದು ಅವಳ ತಾಯಿ. ಅವನು ಮೊದಲ ಹೆಜ್ಜೆ ಇಟ್ಟದ್ದನ್ನೂ ಅವಳು ನೋಡಲಿಲ್ಲ. ಹೀಗಾಗಿ ಅವಳಿಗೆ ಉಳಿದಿದ್ದ ಆಸೆ ಒಂದೇ. ಮೊಮ್ಮಗುವನ್ನು ಬೆಳಗಿನಿಂದ ಸಂಜೆಯವರೆಗೆ ತಾನೇ ಎತ್ತಿಕೊಂಡಿರಬೇಕು. ಇರ್ಮಾ ಕೆಲಸಕ್ಕೆ ವಾಪಸ್ಸು ಹೋಗಲಿ, ಮೆಟ್ಟಿಲುಗಳು ಹಾಳಾಗಿ ಹೋಗಲಿ. ಇದನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ, ಬೇಸೋ ಅವಳ ಧ್ವನಿಯಲ್ಲೇ ಅಣಕಿಸಿ ತೋರಿಸುತ್ತಿದ್ದ.

ಎರಡು ವಾರ ಕಳೆದಿರಬೇಕು. ಇರ್ಮಾ ಊರಾಚೆ ಸೇಬಿನ ಶೈತ್ಯಾಗಾರದಲ್ಲಿ, ಓಡುವ ಪಟ್ಟಿಯ ಮೇಲೆ ಬರುವ ಹಣ್ಣು ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಬಂದವಳು ದಪ್ಪ ಜಾಕೀಟು ಬಿಚ್ಚದೆಯೇ ಕುರ್ಚಿಯಲ್ಲಿ ಕೂತಳು.

"ಲೆಸ್ಯಾಗೆ ಗೊತ್ತಾಗಿದೆ ಅತ್ತೆ. ನಾನು ಹೇಳಲಿಲ್ಲ. ಎರಡು ಸಲ ವಾಂತಿ ಮಾಡ್ಕೊಂಡೆ, ಅವಳೇ ಕಂಡುಹಿಡಿದಳು."

"ಯಾರು, ನಿನ್ನ ಜೊತೆ ಹಣ್ಣು ಆರಿಸೋ ಆ ಉಕ್ರೇನಿನವಳಾ? ಅವಳು ಯಾರಿಗೆ ಹೇಳ್ತಾಳೆ?"

"ಯಾರಿಗೂ ಹೇಳಲ್ಲ. ಅವಳೊಂದು ವಿಷಯ ಹೇಳಿದಳು. ಕೆಲಸದ ಫಾರಮ್ಮಿನಲ್ಲಿ ಒಂದು ಚೌಕ ಇದೆಯಂತೆ. ಅಲ್ಲಿ ಗುರುತು ಹಾಕಿದ್ರೆ ಪ್ರತಿ ತಿಂಗಳು ಸಂಬಳದಲ್ಲಿ ಸ್ವಲ್ಪ ಹಿಡ್ಕೋತಾರೆ, ವಿಮೆಗೆ. ಹಾಗೆ ಕಟ್ಟಿದವರಿಗೆ ಹೆತ್ತಮೇಲೆ ಒಂದು ವರ್ಷ ಸರ್ಕಾರ ಹಣ ಕೊಡುತ್ತಂತೆ. ಕೆಲಸಕ್ಕೆ ಹೋಗೋದೇ ಬೇಡ. ಅವಳ ತಂಗಿಗೂ ಹಾಗೇ ಬಂತಂತೆ."

"ಒಂದು ವರ್ಷ ಸುಮ್ಮನೆ ಕೊಡ್ತಾರಾ?" ಎಂದ ಬೇಸೋ. "ಹಾಗಾದ್ರೆ ನಾಳೆನೇ ಗುರುತು ಹಾಕು."

"ಹಾಕಬೇಕು ಅಂದ್ರೆ ಲಾಮ್ಜಿರಾ ಹತ್ರ ಹೋಗಬೇಕು."

ಲಾಮ್ಜಿರಾ ಎಂಬ ಹೆಸರು ಕಿವಿಗೆ ಬಿದ್ದದ್ದೇ ನಾನುಲಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ರಾಡೊಮಿನ ಜಾರ್ಜಿಯನ್ ಹೆಂಗಸರಿಗೆಲ್ಲ ಕೆಲಸ ಕೊಡಿಸುವವಳು, ಅವರ ಕಾಗದಪತ್ರ ನೋಡುವವಳು ಲಾಮ್ಜಿರಾ. ಅವಳೂ ಊರ ಕಡೆಯವಳೇ. ಬೇಕರಿಯಲ್ಲಿ, ಭಾನುವಾರದ ಪೂಜೆಯಲ್ಲಿ, ಕೂದಲು ಕತ್ತರಿಸುವವಳ ಅಂಗಡಿಯಲ್ಲಿ ಎಲ್ಲ ಕಡೆಯೂ ಅವಳಿರುತ್ತಿದ್ದಳು.

"ಅವಳಿಗೆ ಹೇಳೋದೂ ಒಂದೇ, ಬೀದೀಲಿ ಡಂಗುರ ಹೊಡೆಸೋದೂ ಒಂದೇ. ಬೇಡ."

"ಅತ್ತೆ, ಒಂದು ವರ್ಷದ ಸಂಬಳ."

"ಮಗು ಇದ್ರೆ ತಾನೇ ಸಂಬಳ? ಮೊದಲು ಮಗು ನಿಲ್ಲಲಿ. ಮೂರು ತಿಂಗಳು ತುಂಬಲಿ, ಆಮೇಲೆ ನಾನೇ ಕೈ ಹಿಡಿದು ಕರ್ಕೊಂಡು ಹೋಗ್ತೀನಿ."

ಇರ್ಮಾ ಗಂಡನ ಮುಖ ನೋಡಿದಳು. ಬೇಸೋ ರೊಟ್ಟಿ ನೋಡಿದ. ಅಮ್ಮ ಹಾಕಿಕೊಟ್ಟ ಸೇತುವೆಯ ಮೇಲೆ ನಡೆದು ಬಂದ ಗಂಡಸು ಅಮ್ಮನ ಎದುರು ಮಾತಾಡುವುದು ಸುಲಭವಲ್ಲ. "ಇನ್ನೆಷ್ಟು, ಆರು ವಾರ ತಾನೇ," ಎಂದ.

ಆರು ವಾರ ಕಳೆಯಿತು. ಮಗು ನಿಂತಿತು. ಹದಿಮೂರನೆಯ ವಾರ ತುಂಬಿದ ಮೇಲೆ ನಾನುಲಿ ಒಪ್ಪಿ, ಇರ್ಮಾ ಮೊದಲ ಸಲ ಡಾಕ್ಟರ ಹತ್ತಿರ ಹೋದಳು. ನಾನುಲಿ ಕೈಚೀಲ ಹಿಡಿದುಕೊಂಡು ಜೊತೆಗೆ ಹೋಗಿ, ಗೋಡೆ ಪಕ್ಕ ಕೂತಳು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವಳು. ಎರಡು ಸಲ ಹೋಗಿದೆ ಎಂದು ಕೇಳಿ ಪೆನ್ನು ಕೆಳಗಿಟ್ಟಳು.

"ಎರಡು ಸಲ ಹೀಗಾಗಿರೋವಾಗ ಇಷ್ಟು ತಡವಾಗಿ ಬಂದಿದ್ದೀರಲ್ಲ. ಆರನೇ ವಾರದಲ್ಲೇ ಬರಬೇಕಿತ್ತು. ಕೊಡೋ ಔಷಧಿಗಳಿವೆ." ಆಮೇಲೆ ಇನ್ನೊಂದು ಮಾತು ಸೇರಿಸಿದಳು: "ಹತ್ತು ವಾರದೊಳಗೆ ಬಂದಿದ್ರೆ ನಾನೊಂದು ಚೀಟಿ ಕೊಡ್ತಿದ್ದೆ. ಮಗು ಹುಟ್ಟಿದಾಗ ಸರ್ಕಾರದ ಒಂದು ಸಾವಿರಕ್ಕೆ ಆ ಚೀಟಿ ಬೇಕು. ಈಗ ಬರೆಯೋಕಾಗಲ್ಲ."

ಬಸ್ಸಿನಲ್ಲಿ ಇರ್ಮಾ ಕಿಟಕಿಯ ಕಡೆ ತಿರುಗಿ ಕೂತಳು. "ಸಾವಿರ ಜ್ಲೋಟಿ ಹೋಯ್ತು," ಎಂದಳು.

"ಹೋಗಲಿ ಬಿಡು. ಮಗು ಉಳೀತಲ್ಲ, ಅದಕ್ಕೆ ಸಾವಿರ ಕೊಟ್ಟೆ ಅಂದ್ಕೋ," ಎಂದಳು ನಾನುಲಿ. ಹಾಗೆ ಹೇಳುವಾಗ ಅವಳಿಗೆ ನಿಜವಾಗಿಯೂ ಸಂತೋಷವಿತ್ತು. ಡಾಕ್ಟರ ಯಂತ್ರದ ಪರದೆಯ ಮೇಲೆ ಮಗುವಿನ ಎದೆಯ ಬೂದು ಚುಕ್ಕೆ ಬಡಿದುಕೊಳ್ಳುವುದನ್ನು ಗೋಡೆ ಪಕ್ಕದಿಂದ ಅವಳೂ ನೋಡಬಹುದಿತ್ತು. ಆದರೆ ಆ ಹೊತ್ತಿಗೆ ಸರಿಯಾಗಿ ತಲೆ ತಗ್ಗಿಸಿ ಕೈಚೀಲದ ಜಿಪ್ಪು ಎಳೆಯುತ್ತ ಕೂತಿದ್ದಳು.

ಮೂರು ತಿಂಗಳು ತುಂಬಿತಲ್ಲ, ಇನ್ನು ಲಾಮ್ಜಿರಾಗೆ ಹೇಳೋಣ ಎಂದರೆ ಡಿಸೆಂಬರು ಬಂದಿತ್ತು. ಹೊಸ ವರ್ಷಕ್ಕೆ, ಆಮೇಲೆ ಜನವರಿ ಏಳಕ್ಕೆ ಬರುವ ಜಾರ್ಜಿಯನ್ನರ ಕ್ರಿಸ್‌ಮಸ್ಸಿಗೆ ಊರಿನವರೆಲ್ಲ ಒಂದು ಕಡೆ ಸೇರುತ್ತಾರೆ. ಅಷ್ಟು ಜನರ ಮಧ್ಯೆ ಸೊಸೆಯ ಹೊಟ್ಟೆಯ ಮಾತು ಬೇಡ ಎಂದಳು ನಾನುಲಿ. ಹಬ್ಬ ಮುಗಿಯಲಿ.

"ಹಬ್ಬ ಮುಗಿದಮೇಲೆ ಇನ್ನೇನು ಬರುತ್ತೆ ಅತ್ತೆ? ಈಸ್ಟರಾ?"

"ಇರ್ಮಾ, ನನ್ನ ಹತ್ರ ಹೀಗೆಲ್ಲ ಮಾತಾಡಬೇಡ."

"ಇನ್ಯಾರ ಹತ್ರ ಮಾತಾಡಲಿ? ಯಾರ ಹತ್ರಾನೂ ಮಾತಾಡಕೂಡದು ಅಂದಿದ್ದೀರಲ್ಲ."

ಶೈತ್ಯಾಗಾರದಲ್ಲಿ ಎಲ್ಲರೂ ದಪ್ಪ ಜಾಕೀಟು ಹಾಕುತ್ತಿದ್ದರಿಂದ ಹೊಟ್ಟೆ ಯಾರಿಗೂ ಕಾಣುತ್ತಿರಲಿಲ್ಲ. ನಾನುಲಿ ಬೇಸೋನ ಹಳೆಯ ಜಾಕೀಟನ್ನು ಒಗೆದು ಸೊಸೆಗೆ ಕೊಟ್ಟಳು, ಇನ್ನೂ ದೊಗಲೆಯಾಗಿರಲಿ ಎಂದು. ಐದನೆಯ ತಿಂಗಳಲ್ಲಿ ಒಂದು ದಿನ ಆ ಜಾಕೀಟಿನ ಜಿಪ್ಪು ಪೆಟ್ಟಿಗೆಯ ಮೊಳೆಗೆ ಸಿಕ್ಕಿ ಕಿತ್ತುಬಂತು. ಮೇಲ್ವಿಚಾರಕ ಅಲ್ಲೇ ನಿಂತಿದ್ದ. ಅವಳ ಹೊಟ್ಟೆ ನೋಡಿ ಮುಂದಿನ ಪಟ್ಟಿಯ ಕಡೆ ನಡೆದ. ಇಪ್ಪತ್ತೆಂಟನೆಯ ತಾರೀಖು ಇರ್ಮಾಳ ಫೋನಿಗೆ ಎರಡು ಸಾಲು ಬಂತು. ತಿಂಗಳ ಒಪ್ಪಂದ ಮುಗಿದಿದೆ, ಮುಂದಿನ ತಿಂಗಳಿಗೆ ಹೊಸದು ಇಲ್ಲ, ಜಾಕೀಟು ಮತ್ತು ಕೈಗವಸು ಹಿಂದಿರುಗಿಸತಕ್ಕದ್ದು.

"ಜಾಕೀಟು ನನ್ನದು. ಅದನ್ನ್ಯಾಕೆ ಕೇಳ್ತಾರೆ?" ಎಂದ ಬೇಸೋ.

ಮಾರನೆಯ ದಿನವೇ ನಾನುಲಿ ಚೀಸ್ ತುಂಬಿದ ಖಚಾಪುರಿ ರೊಟ್ಟಿ ಬೇಯಿಸಿ ಬಿಸಿಯಾಗಿರುವಾಗಲೇ ಬಟ್ಟೆಯಲ್ಲಿ ಸುತ್ತಿ, ಊರಿನಿಂದ ಬಂದಿದ್ದ ದ್ರಾಕ್ಷಿ ಸಾರಾಯಿಯ ಬಾಟಲಿಯೊಂದನ್ನು ಚೀಲಕ್ಕಿಳಿಸಿ ಲಾಮ್ಜಿರಾಳ ಕಚೇರಿಗೆ ಹೋದಳು.

"ಕೂತ್ಕೋ ನಾನುಲಿ. ಇದೇನು ಬಾಟ್ಲಿ, ಲಂಚಾನಾ?"

"ಲಂಚ ಎಲ್ಲಿಂದ ಬಂತು? ಊರಿಂದ ಬಂದದ್ದು."

"ಊರಿಂದ ಬರೋದೆಲ್ಲ ಲಂಚಾನೇ." ಲಾಮ್ಜಿರಾ ಕನ್ನಡಕ ತೆಗೆದಳು. ಐವತ್ತು ದಾಟಿದ, ಕೆಂಪಗೆ ಬಣ್ಣ ಹಾಕಿದ ಕೂದಲಿನ ಹೆಂಗಸು. "ಹೇಳು. ನನಗೆ ಗೊತ್ತು, ಆದ್ರೂ ಹೇಳು."

ನಾನುಲಿ ಹೇಳಿದಳು. ಸೊಸೆಯನ್ನು ವಾಪಸ್ಸು ತೆಗೆದುಕೊಳ್ಳಬೇಕು, ಕಾಗದದ ಮೇಲಾದರೂ ಸರಿ. ಆ ಚೌಕದಲ್ಲಿ ಗುರುತು ಹಾಕಬೇಕು. ಹೆರಿಗೆಯ ದಿನ ಅವಳ ಹೆಸರು ವಿಮೆಯಲ್ಲಿರಬೇಕು, ಅಷ್ಟೇ.

"ನಾಲ್ಕು ಹುಡುಗೀರಿಗೆ ನಾನು ಮಾಡ್ಕೊಟ್ಟಿದೀನಿ," ಎಂದಳು ಲಾಮ್ಜಿರಾ. "ಶುರುವಲ್ಲೇ ಬಂದು ಹೇಳಿದ್ರು. ಮೂರು ತಿಂಗಳು ಕಂತು ಕಟ್ಟಿದ್ರು, ಆಮೇಲೆ ಡಾಕ್ಟರ ಚೀಟಿ ಕೊಟ್ಟು ಮನೇಲಿ ಕಾಲು ಚಾಚಿ ಮಲಗಿದ್ರು, ಹೆತ್ತರು, ಒಂದು ವರ್ಷ ಹಣ ಎಣಿಸ್ಕೊಂಡ್ರು. ಒಂದು ಪೈಸೆ ಮೋಸ ಇಲ್ಲ ಅದರಲ್ಲಿ. ಕಾನೂನೇ ಹಾಗಿದೆ."

"ಹಾಗೇ ಇರ್ಮಾಗೂ ಮಾಡು."

"ಈಗಾ? ಆರು ತಿಂಗಳಿಗೆ ಬಿದ್ದ ಬಸುರಿ ಹಣ್ಣಿನ ಪೆಟ್ಟಿಗೆ ಎತ್ತೋಕೆ ಹೊಸದಾಗಿ ಸೇರಿದಳು ಅಂದ್ರೆ ವಿಮಾ ಕಚೇರಿಯವರು ಮೊದಲು ನಗ್ತಾರೆ, ನಕ್ಕಾದಮೇಲೆ ವಿಚಾರಣೆಗೆ ಬರ್ತಾರೆ. ಹೋದ ವರ್ಷ ಒಬ್ಬಳಿಗೆ ಕನಿಕರ ಪಟ್ಟು ಮಾಡೋಕೆ ಹೋದೆ. ಕೊಟ್ಟದ್ದೆಲ್ಲ ವಾಪಸ್ ಕಕ್ಕಿಸಿದ್ರು. ಅವಳು ಈಗಲೂ ನನ್ನ ಬೈತಾಳೆ."

"ತಾರೀಖು ಹಿಂದಕ್ಕೆ ಹಾಕು. ಅಕ್ಟೋಬರು ಅಂತ ಬರಿ."

"ಅದು ಕಂಪ್ಯೂಟರು ನಾನುಲಿ. ನಮ್ಮೂರ ಗುಮಾಸ್ತನ ಪುಸ್ತಕ ಅಲ್ಲ."

ರೊಟ್ಟಿಯ ಹಬೆಗೆ ಬಟ್ಟೆ ಒದ್ದೆಯಾಗಿ ಮೇಜಿನ ಮೇಲೆ ನೀರಿಳಿಯುತ್ತಿತ್ತು. ನಾನುಲಿ ಅದನ್ನು ತೋಳಿನಿಂದ ಒರೆಸಿದಳು.

"ನಾನೊಂದು ಕೇಳ್ತೀನಿ," ಎಂದಳು ಲಾಮ್ಜಿರಾ. "ಅಕ್ಟೋಬರಲ್ಲಿ ಬಂದು ಕಿವೀಲಿ ಒಂದು ಮಾತು ಹಾಕಿದ್ರೆ ಆಗ್ತಿತ್ತು. ಯಾಕೆ ಹಾಕಲಿಲ್ಲ?"

ನಾನುಲಿ ರೊಟ್ಟಿ ಸುತ್ತಿದ ಬಟ್ಟೆಯ ತುದಿ ಮಡಚಿದಳು.

"ನನಗೆ ಮಕ್ಕಳಿಲ್ಲ. ಅದಕ್ಕೇ ತಾನೇ? ಮಕ್ಕಳಿಲ್ಲದವಳ ಕಣ್ಣು ಕೆಟ್ಟದ್ದು ಅಂತ. ಹೇಳು ಪರವಾಗಿಲ್ಲ, ಮೂವತ್ತು ವರ್ಷದಿಂದ ಕೇಳ್ತಾನೇ ಇದೀನಿ."

"ಅಯ್ಯೋ, ಹಾಗಲ್ಲ ಲಾಮ್ಜಿರಾ."

"ಹಾಗೇ. ರೊಟ್ಟಿ ಇಟ್ಟು ಹೋಗು, ಬೆಳಗ್ಗಿಂದ ಏನೂ ತಿಂದಿಲ್ಲ. ಬಾಟ್ಲಿ ತಗೊಂಡು ಹೋಗು."

ನಾನುಲಿ ಬಾಟಲಿ ಹಿಡಿದುಕೊಂಡು ನಡೆದೇ ಮನೆಗೆ ಬಂದಳು. ಹೀಗೆ ಮುಖಕ್ಕೆ ಹೊಡೆದ ಹಾಗೆ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎನ್ನುವುದು ಇನ್ನೂ ಕಷ್ಟವಾಗಿತ್ತು.

ಅಂದು ರಾತ್ರಿಯ ಊಟಕ್ಕೆ ಆಲೂಗಡ್ಡೆ, ಹುಳಿ ಎಲೆಕೋಸು. ಬೇಸೋ ನಗರದ ಕಚೇರಿಗೆ ಹೋಗಿ ಬಂದಿದ್ದ. ವಿಮೆ ಇಲ್ಲದ ತಾಯಂದಿರಿಗೂ ತಿಂಗಳು ತಿಂಗಳು ಒಂದಿಷ್ಟು ಕೊಡುತ್ತಾರೆ, ಆದರೆ ತಾಯಿಗೆ ವಾಸದ ಕಾರ್ಡು ಬೇಕು. ಇರ್ಮಾಳ ಕಾರ್ಡು ಹದಿನಾಲ್ಕು ತಿಂಗಳಿಂದ ಪರಿಶೀಲನೆಯಲ್ಲಿದೆ. ಬೇಸೋನ ಹೆಸರಿನಲ್ಲಿ ಮಗುವಿಗೆ ತಿಂಗಳಿಗೆ ಎಂಟು ನೂರು ಬರಬಹುದು, ಅದೂ ಮಗು ಹುಟ್ಟಿ, ಅದರ ಕಾಗದಗಳೆಲ್ಲ ಆದ ಮೇಲೆ. ಹೆರಿಗೆಯ ಖರ್ಚು ಅವನ ವಿಮೆಯಲ್ಲೇ ಆಗುತ್ತದೆ, ಅದೊಂದು ಪುಣ್ಯ. ಉಳಿದಂತೆ ಮೂವರ ಬಾಡಿಗೆ, ಊಟ, ಚಳಿಗೆ ಮನೆ ಬೆಚ್ಚಗಿಡುವ ಖರ್ಚು ಎಲ್ಲವೂ ಅವನ ಸಂಬಳ ಮತ್ತು ಮೆಟ್ಟಿಲು ಒರೆಸಿದ ಹಣದಲ್ಲಿ.

"ಆಗಲ್ಲ," ಎಂದ ಬೇಸೋ. "ಹೇಗೆ ಕೂಡಿಸಿದ್ರೂ ಆಗಲ್ಲ. ಇರ್ಮಾ ಊರಿಗೆ ಹೋಗಿ ಅಲ್ಲೇ ಹೆರಲಿ ಅಂದ್ರೆ ಅವಳ ಕಾರ್ಡಿನ ಅರ್ಜಿ ಹೋಗುತ್ತೆ. ಒಂದು ಸಲ ಹೋದವಳು ಮತ್ತೆ ಯಾವಾಗ ಬರ್ತಾಳೋ."

"ನಾನು ಊರಿಗೆ ಹೋಗಲ್ಲ," ಎಂದಳು ಇರ್ಮಾ. "ಆ ಆಸ್ಪತ್ರೆಗೆ ನಾನು ಮತ್ತೆ ಕಾಲಿಡಲ್ಲ."

"ಯಾರೂ ಕಳಿಸಲ್ಲ," ಎಂದಳು ನಾನುಲಿ. "ದೇವರು ಒಂದು ದಾರಿ ತೋರಿಸ್ತಾನೆ."

"ತೋರಿಸಿದ್ದನಲ್ಲ ಅತ್ತೆ. ಲೆಸ್ಯಾ ಬಾಯಲ್ಲಿ ಹೇಳಿಸಿದ್ದ. ನೀವು ಕಿಟಕಿ ಮುಚ್ಚಿದ್ರಿ."

"ನಾನು ಮುಚ್ಚಿದ್ದಕ್ಕೇ ಮಗು ಉಳಿದದ್ದು. ಹಿಂದಿನ ಎರಡೂ ಯಾಕೆ ಹೋದವು? ಬೀದಿಯವರ ಕಣ್ಣು ಬಿದ್ದು ಹೋದವು."

ಇರ್ಮಾ ಚಾಕು ಮೇಜಿನ ಮೇಲಿಟ್ಟಳು. ಧ್ವನಿ ಎತ್ತಲಿಲ್ಲ. "ಮೊದಲನೇದು ಬೀದಿಗೆ ಗೊತ್ತಿತ್ತು, ಒಪ್ಕೋತೀನಿ. ಎರಡನೇದು? ನಮ್ಮಮ್ಮನಿಗೂ ನಾನು ಹೇಳಿರಲಿಲ್ಲ. ನೀವಿಲ್ಲಿ ಮುದುಕಿ ಮನೇಲಿದ್ರಿ, ಒಬ್ಬರೇ ಇದ್ದೀರಲ್ಲ ಅಂತ ವಿಡಿಯೋ ಫೋನಲ್ಲಿ ನಿಮಗೊಬ್ಬರಿಗೇ ಹೇಳಿದೆ. ಎದ್ದು ನಿಲ್ಲು, ಪಕ್ಕಕ್ಕೆ ತಿರುಗು, ನೋಡ್ತೀನಿ ಅಂದ್ರಿ. ನಿಂತೆ. ನೋಡಿದ್ರಿ. ನಾಲ್ಕು ದಿನಕ್ಕೆ ಹೋಯ್ತು. ಕಣ್ಣೇ ಅನ್ನೋದಾದ್ರೆ ಅದು ಯಾರ ಕಣ್ಣು ಅತ್ತೆ?"

"ಇರ್ಮಾ," ಎಂದ ಬೇಸೋ.

"ನಾನು ಹಾಗೆ ನಂಬಲ್ಲ. ಅವರು ನಂಬ್ತಾರಲ್ಲ, ಅದಕ್ಕೆ ಕೇಳಿದೆ."

ಅಂದು ಮೂವರೂ ಊಟ ಮಾಡಿದರು. ಆಲೂಗಡ್ಡೆ ಹಾಳು ಮಾಡುವ ಮನೆಯಲ್ಲ ಅದು. ಆದರೆ ನಾನುಲಿ ತಲೆ ಎತ್ತಿ ಸೊಸೆಯ ಕಡೆ ನೋಡಲಿಲ್ಲ. ಅಂದಿನಿಂದ ಅವಳು ಸೊಸೆಯನ್ನು ನೇರವಾಗಿ ನೋಡಿದ್ದೇ ಇಲ್ಲ. ತಟ್ಟೆ ಕೊಡುವಾಗ ತಟ್ಟೆ ನೋಡುತ್ತಿದ್ದಳು, ಮಾತಾಡುವಾಗ ಒಲೆ ನೋಡುತ್ತಿದ್ದಳು. ಕೋಪ ಮಾಡಿಕೊಂಡಿದ್ದಾಳೆ ಎಂದು ಇರ್ಮಾ ತಿಳಿದಳು. ಕೋಪವಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಫೆಬ್ರವರಿ ಮೂರನೆಯ ವಾರ ನಾನುಲಿ ಹಳೆಯ ಏಜೆನ್ಸಿಗೆ ಫೋನು ಮಾಡಿದಳು. ಮುದುಕಿಯರಿಗೆ ಬರವಿಲ್ಲದ ದೇಶ. ಮಧ್ಯಾಹ್ನದೊಳಗೆ ಕೆಲಸ ಸಿಕ್ಕಿತು. ಸಮುದ್ರದ ಕಡೆಯ ಒಂದು ಊರು, ರೈಲಿನಲ್ಲಿ ಒಂಬತ್ತು ಗಂಟೆ. ಊಟ, ಹಾಸಿಗೆ ಅವರದ್ದೇ, ಸಂಬಳ ಮೆಟ್ಟಿಲಿನ ಎರಡರಷ್ಟು. ಎರಡು ವರ್ಷಕ್ಕೆ ಮಾತು. ಮಧ್ಯೆ ರಜೆ ಇಲ್ಲ, ಏಕೆಂದರೆ ಆ ಮುದುಕಿಯನ್ನು ಒಂದು ದಿನವೂ ಒಬ್ಬಳನ್ನೇ ಬಿಡುವಂತಿಲ್ಲ.

"ಮಗು ಹುಟ್ಟಿದಮೇಲೆ ಹೋಗಮ್ಮ," ಎಂದ ಬೇಸೋ. "ಮೂರೇ ತಿಂಗಳು."

"ಅವರು ಮೂರು ತಿಂಗಳು ಕಾಯ್ತಾರಾ? ಬಾಡಿಗೆಯವನು ಕಾಯ್ತಾನಾ?"

"ನೀನು ಮಗು ಎತ್ತಿ ಆಡಿಸ್ತೀನಿ ಅಂದಿದ್ದೆ."

"ಹೇಳಿದ್ದೆಲ್ಲ ಆಗುತ್ತಾ?"

ಹೊರಡುವ ದಿನ ಇರ್ಮಾ ಬಾಗಿಲವರೆಗೆ ಬಂದಳು. ಏಳನೆಯ ತಿಂಗಳು, ಉಸಿರು ಬಿಡುವುದೇ ಕಷ್ಟ. ಅತ್ತೆಯ ಕೈ ಹಿಡಿದು ಹೊಟ್ಟೆಯ ಮೇಲೆ ಇಡಲು ಹೋದಳು. ನಾನುಲಿ ಕೈ ಹಿಂದಕ್ಕೆಳೆದುಕೊಂಡಳು. "ರೈಲಿಗೆ ಹೊತ್ತಾಯ್ತು," ಎಂದು ಬೀಗದ ಕೈಯನ್ನು ಬಾಗಿಲ ಬಳಿಯ ಮೊಳೆಗೆ ತೂಗುಹಾಕಿ ಮೆಟ್ಟಿಲಿಳಿದಳು.

ಸಮುದ್ರದ ಊರಿನ ಮುದುಕಿಗೆ ಎಂಬತ್ತೆಂಟು. ಬೊಜೆನಾ ಅಮ್ಮಾವರು. ಕಣ್ಣು ಮಂಜು, ಕಿವಿ ಮಾತ್ರ ಸೂಜಿಯಷ್ಟು ಚೂಪು. ನಾನುಲಿಗೆ ಅವರ ಕೋಣೆಯ ಪಕ್ಕದಲ್ಲೇ ಒಂದು ಮಂಚ. ಬೆಳಿಗ್ಗೆ ಗಂಜಿ, ಹತ್ತಕ್ಕೆ ಗುಳಿಗೆ, ಮಧ್ಯಾಹ್ನ ಸೂಪು, ಮೂರಕ್ಕೆ ಮಗ್ಗುಲು ಬದಲಿಸುವುದು. ನಾಲ್ಕು ವರ್ಷ ಮಾಡಿದ ಕೆಲಸವೇ. ಕೈಗೆ ಎಲ್ಲ ನೆನಪಿತ್ತು. ತಿಂಗಳ ಮೊದಲ ದಿನ ಹಣ ಕಳಿಸುತ್ತಿದ್ದಳು, ಭಾನುವಾರ ಮಗನಿಗೆ ಫೋನು ಮಾಡುತ್ತಿದ್ದಳು, ಬರೀ ಮಾತಿನ ಫೋನು.

ಜೂನ್ ಮೊದಲ ವಾರ, ಸೂಪಿನ ಹೊತ್ತಿಗೆ, ವಿಡಿಯೋ ಕರೆ ಬಂತು. ಅವಳು ತನ್ನ ಮಂಚದ ಮೇಲೆ ಕೂತು ಎತ್ತಿದಳು. ಬೇಸೋನ ಮುಖ ಕಂಡಿತು, ಹುಬ್ಬಿನಲ್ಲಿ ಹಿಟ್ಟು.

"ಹೆಣ್ಣುಮಗು ಅಮ್ಮ. ಮೂರು ಕೆಜಿ ಇನ್ನೂರು. ಇಬ್ಬರೂ ಚೆನ್ನಾಗಿದ್ದಾರೆ. ತಡಿ, ತೋರಿಸ್ತೀನಿ."

ನಾನುಲಿ ಫೋನನ್ನು ರಗ್ಗಿನ ಮೇಲೆ ಬೋರಲು ಹಾಕಿದಳು.

"ಅಮ್ಮ? ಕತ್ತಲೆ ಕಾಣ್ತಿದೆ. ಫೋನು ಸರಿಯಾಗಿ ಹಿಡ್ಕೋ."

"ಬೇಡ ಬೇಸೋ. ತೋರಿಸಬೇಡ."

"ಹುಚ್ಚಾ ನಿನಗೆ? ನಿನ್ನ ಮೊಮ್ಮಗಳು."

"ಅದಕ್ಕೇ ಬೇಡ ಅಂದದ್ದು."

ಫೋನು ಕೈ ಬದಲಾಯಿತು. ಇರ್ಮಾಳ ಧ್ವನಿ ಸೋತಿತ್ತು. "ಅತ್ತೆ, ಅವತ್ತು ಸಿಟ್ಟಲ್ಲಿ ಏನೋ ಅಂದೆ. ಮನಸ್ಸಲ್ಲಿ ಇಟ್ಕೋಬೇಡಿ. ನಾನೇ ಹೇಳ್ತಿದೀನಿ, ನೋಡಿ. ನಿಮ್ಮ ಮೂಗೇ ಬಂದಿದೆ."

ಅವಳಿಗೆ ನೋಡಬೇಕಿತ್ತು. ಹೊಟ್ಟೆಯಲ್ಲಿ ಹಸಿವಾದಂತೆ ನೋಡಬೇಕಿತ್ತು. ಒಂದು ಬೆರಳಿನಿಂದ ತಿರುಗಿಸಿದರೆ ಸಾಕಾಗಿತ್ತು. ಅವಳು ಅಂಗೈಯನ್ನು ಫೋನಿನ ಬೆನ್ನ ಮೇಲೆ ಒತ್ತಿ ಹಿಡಿದಳು.

"ನೀನು ಅಂದದ್ದರಲ್ಲಿ ತಪ್ಪಿಲ್ಲಮ್ಮ. ಆಗ ನೋಡಿದ್ದೆ, ಹೋಯ್ತು. ಈ ಸಲ ನೋಡಲಿಲ್ಲ, ಉಳೀತು. ಇರಲಿ ಬಿಡು, ಚೆನ್ನಾಗಿರಲಿ."

"ಯಾವಾಗ ನೋಡ್ತೀರಿ ಹಾಗಾದ್ರೆ?"

ಅಷ್ಟರಲ್ಲಿ ಅಲ್ಲಿ ಮಗು ಅಳಲು ಶುರುಮಾಡಿತು. ರಗ್ಗಿನ ಕೆಳಗಿನಿಂದ ಬಂದ ಹಾಗೆ, ಸಣ್ಣಗೆ, ಬಿಟ್ಟು ಬಿಟ್ಟು. ಅವಳು ಬಗ್ಗಿ ಕಿವಿಯನ್ನು ಹತ್ತಿರ ಹಿಡಿದಳು.

ಪಕ್ಕದ ಕೋಣೆಯಿಂದ ಬೊಜೆನಾ ಅಮ್ಮಾವರು ಕೂಗಿದರು. "ನಾನುಲಿ, ಮನೇಲಿ ಮಗು ಅಳ್ತಾ ಇದೆಯಲ್ಲ. ಯಾರದು?"

"ಯಾರದೂ ಅಲ್ಲ ಅಮ್ಮಾವ್ರೆ," ಎಂದಳು ನಾನುಲಿ. "ಪಕ್ಕದ ಮನೆ ಟೀವಿ."